ಮರಳಿಲಿ ಮತ್ತು ಮಡಿವಾಳ ಹಕ್ಕಿ

ಪಾವಗಡ
9-3-1958, ಭಾನುವಾರ

ಪ್ರಿಯ ಮುಕ್ತಾರ್,

ನೀನೂ ಅಫ್ಜಲುನ್ನೀಸಾಳೂ ಆರೋಗ್ಯವಾಗಿದ್ದೀರಿ ಎಂದುಕೊಂಡು ಬರೆಯಲು ಕುಳಿತಿದ್ದೇನೆ. ನಾನೂ ಈಗ ಚೆನ್ನಾಗಿದ್ದೇನೆ. ನಿನ್ನ ಕಾಗದ ಬಂದು ಆರು ವಾರವಾಯಿತು. ಈ ಇಲಿ ಹಿಡಿಯುವವನು ಇಲಿಯ ಬಿಲದಲ್ಲೇ ಸೇರಿಕೊಂಡನೋ ಏನೋ ಎಂದು ಹೊಲಿಗೆ ಅಂಗಡಿಯ ಹಲಗೆಯ ಮೇಲೆ ಕುಳಿತು ಬೈದಿರುತ್ತೀಯ. ಬೈದಿದ್ದರೆ ತಪ್ಪಿಲ್ಲ. ಸಂಕ್ರಾಂತಿ ಕಳೆದ ಮೇಲೆ ರಾಯಚರ್ಲಿನಾಚೆ ಒಂದು ಹಟ್ಟಿಯ ಪಕ್ಕ ನಮ್ಮ ಪ್ಲೇಗು ಇಲಾಖೆಯ ಡೇರೆ ಬಿದ್ದಿತ್ತು. ಅಲ್ಲಿಂದ ಟಪಾಲು ಹಾಕಬೇಕಾದರೆ ಮೂರು ಮೈಲಿ ನಡೆಯಬೇಕು. ಆಮೇಲಾಮೇಲೆ ನಡೆಯುವುದಕ್ಕೂ ಆಗದ ಹಾಗಾಯಿತು. ಅದನ್ನೂ ಬರೆಯುತ್ತೇನೆ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನೀನು ಶುಕ್ರವಾರ ನಮಾಜಿಗೆ ಹೋದಾಗ ಅಫ್ಜಲುನ್ನೀಸಾ ಪಂಜರದ ಬಾಗಿಲು ತೆಗೆದು, ನೀನು ದಯಾಲ್ ಎನ್ನುವ ಆ ಮಡಿವಾಳ ಹಕ್ಕಿಯನ್ನು ಹಾರಿಬಿಟ್ಟಳಂತೆ. ಅದು ದೂರ ಹೋಗದೆ ಹಿತ್ತಲ ಬೇವಿನ ಮರದಲ್ಲೇ ಕುಳಿತಿದೆಯಂತೆ, ಮೊದಲಿಗಿಂತ ಹೆಚ್ಚು ಹಾಡುತ್ತಿದೆಯಂತೆ. ನೀನು ಮಾತ್ರ ನಾಲ್ಕು ದಿನದಿಂದ ಹೆಂಡತಿಯ ಜೊತೆ ಮಾತು ಬಿಟ್ಟಿದ್ದೀಯಂತೆ. ಪಕ್ಕದ ಬಳೆ ಅಂಗಡಿಯ ಲಿಯಾಕತ್ ಅಲಿ ಬೇರೆ, 'ಹೋಗ್ಲಿ ಬುಡಿ ಮುಕ್ತಾರ್ ಭಾಯ್, ನಿಮ್ ದೋಸ್ತ್‌ಗೆ ಹೇಳಿ ಒಂದು ಇಲಿ ತರ್ಸಿ ಪಿಂಜ್ರಾದಾಗೆ ಇಟ್ಕಳಿ' ಎಂದು ಎಲ್ಲರ ಮುಂದೆ ನಗಾಡಿದನಂತೆ. ಅವನಿಗೆ ಉತ್ತರ ಕೊಡಬೇಕು ಎಂದು ನೀನು ಕೇಳಿದ್ದೀಯ: 'ನೀನು ಎರಡನ್ನೂ ಬಲ್ಲವನು. ನಿನ್ನ ಇಲಿಗೂ ನನ್ನ ದಯಾಲ್‌ಗೂ ಹೋಲಿಕೆ ಅನ್ನೋದು ಉಂಟೇನೋ? ಇದ್ರೆ ಬರಿ. ಇಲ್ದಿದ್ರೆ ಇಲ್ಲ ಅಂತ ಬರಿ.'

ಉಂಟು ಮುಕ್ತಾರ್. ಹೊತ್ತು ಹೋಗುವುದಕ್ಕೆ ಶುರುಮಾಡಿದ ಯೋಚನೆ ಆಮೇಲೆ ನನ್ನನ್ನು ಬಿಡಲಿಲ್ಲ.

ಮೊದಲು ನನ್ನ ಇಲಿಯ ವಿಷಯ. ನಿಮ್ಮ ಮನೆಯ ಅಟ್ಟದ ಮೇಲೆ ಓಡಾಡುವ ಕರಿ ಇಲಿಯನ್ನು ಕಣ್ಣ ಮುಂದೆ ತಂದುಕೊಳ್ಳಬೇಡ. ಇದು ಹೊಲದ ಪ್ರಾಣಿ. ಈ ಕಡೆಯ ಮರಳಿನದೇ ಬಣ್ಣ, ಹೊಟ್ಟೆ ಮಾತ್ರ ಬಿಳಿ. ಕಣ್ಣು ಜಿಂಕೆಯ ಕಣ್ಣಿನಷ್ಟು ದೊಡ್ಡದು. ಬಾಲದ ತುದಿಯಲ್ಲಿ ಕಪ್ಪು ಕುಚ್ಚು. ಹಿಂಗಾಲು ಉದ್ದ, ಓಡುವ ಬದಲು ನೆಗೆಯುತ್ತದೆ. ಡೇರೆಯ ಪಕ್ಕದ ಹೊಲ ಕದರಪ್ಪನೆಂಬ ರೈತನದು. ಅವನೇ ನಮಗೆ ಬಿಲ ತೋರಿಸಿದವನು. ಮೊದಲ ದಿನ ನಾನು ಒಂದು ಬಿಲದ ಬಾಯಿಗೆ ಬೋನು ಹಚ್ಚಿ ಕಾಯುತ್ತಿದ್ದರೆ ಅವನು ದೂರ ನಿಂತು ನಗುತ್ತಿದ್ದ.

'ಅಲ್ಯಾಕೆ ಕುಂತೀರಿ ಸಾಮಿ? ಅದು ಮುಂಬಾಗ್ಲು. ಇಸುಕ ಎಲುಕ ಮುಂಬಾಗ್ಲಾಗೆ ಬರಲ್ಲ' ಎಂದ. ಮರಳಿಲಿಗೆ ಅವರು ತೆಲುಗಿನಲ್ಲಿ ಹೇಳುವುದು ಹಾಗೆ.

ಗುದ್ದಲಿಯಿಂದ ಒಂದು ಪೆಟ್ಟು ಹಾಕಿದ ನೋಡು, ಹತ್ತು ಮಾರು ಆಚೆ, ಏನೂ ಇಲ್ಲದ ಬರಿ ನೆಲ ಒಡೆದು ಇಲಿ ಬಾಣದ ಹಾಗೆ ಹಾರಿಹೋಯಿತು. ತೆರೆದ ಬಾಯಿ ಒಂದೇ ಇದ್ದರೂ ಬೇರೆ ಎರಡು ಮೂರು ಬಾಗಿಲುಗಳನ್ನು ತೆಳ್ಳಗೆ ಮಣ್ಣು ಮುಚ್ಚಿ ಇಟ್ಟುಕೊಂಡಿರುತ್ತದೆ. ಮೇಲೆ ನಡೆದರೂ ಗೊತ್ತಾಗುವುದಿಲ್ಲ.

'ನೀರು ಎಲ್ಲಿ ಕುಡಿಯುತ್ತೆ?' ಎಂದು ಕೇಳಿದೆ. ಸುತ್ತ ಎಲ್ಲೂ ಹನಿ ನೀರಿರಲಿಲ್ಲ.

'ಇದಕ್ಕೆ ನೀಳ್ಳೇ ಅಕ್ಕರಲೇದು ಸಾಮಿ. ಮಾ ಊರಿನ ಜನ ಇದ್ದಂಗೆ' ಎಂದ. ನೀರೇ ಬೇಕಿಲ್ಲವಂತೆ, ಅವರ ಊರಿನ ಜನರ ಹಾಗೆ.

ನಿಜವೋ ಸುಳ್ಳೋ ನೋಡೋಣವೆಂದು ಕಿವಿ ಹರಿದ ಒಂದು ಹೆಣ್ಣಿಲಿಯನ್ನು ಸೀಮೆಎಣ್ಣೆ ಡಬ್ಬಕ್ಕೆ ಮರಳು ತುಂಬಿ ಸಾಕಿದೆ. ಬಾಯಿಗೆ ತಂತಿಯ ಬಲೆ. ನನ್ನ ಮಂಚದ ಪಕ್ಕದಲ್ಲೇ ಅದರ ವಾಸ. ರಾಗಿ ಹಾಕುತ್ತಿದ್ದೆ, ಗರಿಕೆಯ ಬೇರು ಹಾಕುತ್ತಿದ್ದೆ. ನೀರಿಟ್ಟ ಬಟ್ಟಲಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹೊತ್ತು ಮುಳುಗುವವರೆಗೂ ಮರಳಿನಡಿ ಮಲಗಿ, ಆಮೇಲೆ ಮೂಗು ಹೊರಗಿಡುತ್ತಿತ್ತು. ಒಂದು ದಿನವೂ ಚೀಂ ಎನ್ನಲಿಲ್ಲ. ನಾನು ಹೆಸರಿಡಲಿಲ್ಲ. ಆದರೆ ಒಬ್ಬನೇ ಊಟಕ್ಕೆ ಕುಳಿತಾಗ ಅದರ ಜೊತೆ ಮಾತಾಡುತ್ತಿದ್ದೆ ಎಂದರೆ ನೀನು ನಗುವುದಿಲ್ಲ ಅಂತ ಗೊತ್ತು.

ಇನ್ನು ನಿನ್ನ ಹಕ್ಕಿ. ಅದನ್ನು ನಿನಗಿಂತ ಮೊದಲು ನೋಡಿದವನು ನಾನು. ನಿಮ್ಮ ಮಗಳು ಅಮೀನಾ ಹೋದ ಮೂರನೇ ವರ್ಷ ಅದು. ಕೊರಟಗೆರೆಯ ಹತ್ತಿರ ಸೌದೆ ಕಡಿಯುವ ಅಡವಯ್ಯ ಒಂದು ಹಳೆಯ ಹುಣಸೆ ಉರುಳಿಸಿದ್ದ. ಪೊಟರೆಯಲ್ಲಿ ಮೂರು ಮರಿಗಳಿದ್ದವಂತೆ, ಎರಡು ಸತ್ತಿದ್ದವು. ಉಳಿದದ್ದನ್ನು ಅಂಗೈಯಲ್ಲಿಟ್ಟುಕೊಂಡು, 'ಏನ್ ಮಾಡಾದು ಸಾಮಿ, ಇದ್ರ ಮನೆ ನಾನೇ ಕಡ್ದಾಕ್ಬುಟ್ಟೆ' ಎಂದು ನಿಂತಿದ್ದ. ಆ ಮನುಷ್ಯನ ಮುಖ ನೋಡಲಾಗದೆ ಇಸಿದುಕೊಂಡೆ. ವೀಳ್ಯದೆಲೆಯ ಬುಟ್ಟಿಯಲ್ಲಿ ಹತ್ತಿ ಹಾಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮಧುಗಿರಿಗೆ ತಂದೆ. ನಮ್ಮ ಮನೆಯವಳು ನಾಗರತ್ನಮ್ಮ ಹುರಿಗಡಲೆ ಹಿಟ್ಟು ನೆನೆಸಿ ಕಡ್ಡಿಯ ತುದಿಯಲ್ಲಿ ತಿನ್ನಿಸಿದಳು. ಮಾರನೆಯ ದಿನವೇ ಸಿರಾಕ್ಕೆ ತಂದೆನಲ್ಲ, ನಿನ್ನ ಮನೆಯ ಬಾಗಿಲಲ್ಲಿ ಅಫ್ಜಲುನ್ನೀಸಾ ಬುಟ್ಟಿಯೊಳಗೆ ಇಣುಕಿ ನೋಡಿ ಹೇಳಿದ ಮಾತು ನಿನಗೆ ನೆನಪಿದೆಯೋ ಇಲ್ಲವೋ.

'ಇದು ಯಾಕೆ ತಂದ್ರಿ ಭಾಯಿಸಾಬ್? ಇದು ಹಾಡಿದ್ರೆ ನಮ್ ಮನೆ ತುಂಬ್ತದಾ?'

ನೀನು ಒಳಗಿನಿಂದ ಬಂದು ಬುಟ್ಟಿ ತೆಗೆದುಕೊಂಡೆ. ಅಷ್ಟೇ. ಮುಂದಿನ ಬೇಸಿಗೆಯಲ್ಲಿ ಅದು ಮೊದಲ ಸಲ ಬಾಯಿಬಿಟ್ಟು ಹಾಡಿದಾಗ ನೀನು ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಮದುವೆ ಕೋಟಿನ ಮೇಲೆ ಇಟ್ಟು ಮರೆತೆಯಂತೆ. ಸುಟ್ಟ ಕೋಟಿನ ವಿಷಯವನ್ನು ನೀನು ಎಷ್ಟು ಸಂತೋಷದಿಂದ ಬರೆದಿದ್ದೆ ಎಂದರೆ, ಆ ಕಾಗದ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ.

ಈಗ ನಿನ್ನ ಕೋಪದ ವಿಷಯಕ್ಕೆ ಬರುತ್ತೇನೆ. ಹಕ್ಕಿ ಖುಷಿಯಿಂದ ಹಾಡುತ್ತದೆ ಎಂದು ನಾವು ತಿಳಿದಿದ್ದೇವೆ. ಪೂರ್ತಿ ಹಾಗಲ್ಲ. ಗಂಡು ಮಡಿವಾಳ ಹಕ್ಕಿ ಬೆಳಗಿನ ಜಾವ ಎತ್ತರದ ಕೊಂಬೆ ಹುಡುಕಿ ಕುಳಿತು, ಈ ಮರ ನನ್ನದು, ಈ ಗೋಡೆಯ ತೂತು ನನ್ನದು, ಇನ್ನೊಬ್ಬ ಬರಬೇಡ ಎಂದು ಸಾರುತ್ತದೆ. ಜೊತೆಗೊಂದು ಹೆಣ್ಣು ಬರಲಿ ಎಂದೂ ಕರೆಯುತ್ತದೆ. ಪಂಜರದೊಳಗೆ ಅದಕ್ಕೆ ತನ್ನದು ಅನ್ನುವುದು ಏನಿತ್ತು ಹೇಳು? ನೀನು ಹಾಕಿದ ಮಿಡತೆ, ನೀನಿಟ್ಟ ನೀರು. ಈಗ ಅದಕ್ಕೊಂದು ಬೇವಿನ ಮರವಿದೆ, ಕಾಯಬೇಕಾದ ಹಿತ್ತಲಿದೆ. ಅದಕ್ಕೇ ಹೆಚ್ಚು ಹಾಡುತ್ತಿದೆ. ನೀನು ಕಳೆದುಕೊಂಡದ್ದು ಪಂಜರದ ಬಾಗಿಲು ಮಾತ್ರ. ಅಫ್ಜಲುನ್ನೀಸಾಗೆ ಅದು ಹೇಗೋ ಗೊತ್ತಿತ್ತು. ನಾಲ್ಕು ವರ್ಷ ಅದರ ನೀರು ಬದಲಾಯಿಸಿದವಳು ಅವಳಲ್ಲವೆ? ಈ ಕಾಗದ ತಲುಪುವ ಹೊತ್ತಿಗೂ ನೀನು ಅವಳ ಜೊತೆ ಮಾತಾಡದಿದ್ದರೆ ನಿನ್ನಂಥ ದಡ್ಡ ಸಿರಾದಲ್ಲಿ ಇನ್ನೊಬ್ಬನಿಲ್ಲ.

ಇಲಿ ತನ್ನದೆಲ್ಲವನ್ನೂ ಬಚ್ಚಿಟ್ಟು ಬದುಕುತ್ತದೆ. ಹಕ್ಕಿ ತನ್ನದೆಲ್ಲವನ್ನೂ ಕೂಗಿ ಹೇಳಿ ಬದುಕುತ್ತದೆ. ಇಷ್ಟು ಹೇಳಿದರೆ ಲಿಯಾಕತ್ ಅಲಿಗೆ ಸಾಕು. ನನಗೆ ಸಾಲಲಿಲ್ಲ. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಡಬ್ಬದೊಳಗಿಂದ ಸಣ್ಣಗೆ ಡಮಡಮ ಸದ್ದು ಬಂತು. ನೋಡಿದರೆ ಆ ಇಲಿ ಹಿಂಗಾಲಿನಲ್ಲಿ ನೆಲ ಬಡಿಯುತ್ತಿದೆ. ಒಂದೇ ಸಮ, ಬೆರಳಿನಿಂದ ತಮಟೆ ತಟ್ಟಿದ ಹಾಗೆ. ಕದರಪ್ಪನನ್ನು ಕೂಗಿದೆ. ಅವನು ಬಂದವನೇ ಡೇರೆಯ ಅಂಚು ಎತ್ತಿ, 'ಅಗೋ ಪಾಮು' ಎಂದ. ಮಾರುದ್ದದ ಕೇರೆಹಾವು ಗೂಟದ ಬುಡದಲ್ಲಿತ್ತು. ಅದನ್ನು ಕೋಲಿನಿಂದ ಹೊಲಕ್ಕೆ ಅಟ್ಟಿ ಬಂದು ಹೇಳಿದ:

'ಹಾವು ಬಂದ್ರೆ ಅಂಗೇ ಬಡೀತದೆ ಸಾಮಿ. ಮಿಕ್ಕಿದ್ದೋವು ಬಿಲ ಸೇರ್ಕಳ್ಲಿ ಅಂತ.'

'ಇಲ್ಲಿ ಮಿಕ್ಕವು ಎಲ್ಲಿದಾವೆ ಕದರಪ್ಪ? ಇದೊಂದೇ ಇರೋದು.'

'ಅದಕ್ಕೇನು ತಿಳೀತದೆ? ಯಾರಾನಾ ಇದ್ದಾರು ಅಂತ ಬಡೀತದೆ.'

ನೀನು ನಂಬುತ್ತೀಯೋ ಇಲ್ಲವೋ, ಆ ಮಾತು ಕೇಳಿ ನಾನು ಆ ದಿನ ಊಟ ಮಾಡಲಿಲ್ಲ.

ಫೆಬ್ರವರಿ ಮೊದಲ ವಾರ ಬೆಂಗಳೂರಿನಿಂದ ದೊಡ್ಡ ಡಾಕ್ಟರು ಜೀಪಿನಲ್ಲಿ ಬಂದರು. ಹಿಡಿದ ಇಲಿಗಳನ್ನೆಲ್ಲ ಕೊಯ್ದು ಗುಲ್ಮ ತೆಗೆದು, ಪ್ಲೇಗಿನ ಕ್ರಿಮಿ ಇದೆಯೋ ಎಂದು ಪರೀಕ್ಷೆಗೆ ಕಳಿಸುವುದು ನಮ್ಮ ಕೆಲಸವೆಂದು ನಿನಗೆ ಗೊತ್ತೇ ಇದೆ. ಅವರ ಕಣ್ಣು ನನ್ನ ಡಬ್ಬದ ಮೇಲೆ ಬಿತ್ತು. 'ಇದನ್ನೇನು ಸಾಕಿಕೊಂಡಿದ್ದೀರಾ ರೇಣುಕಯ್ಯನವರೆ? ಪಟ್ಟಿಗೆ ಸೇರಿಸಿ' ಎಂದರು. ಒಳ್ಳೆಯ ಮನುಷ್ಯರೇ. ಅವರು ಹೇಳಿದ್ದು ಸರಿಯಾಗಿಯೂ ಇತ್ತು. ಸೇರಿಸಿದೆ. ನನ್ನ ಕೈಯಾರೆ ತೆಗೆದುಕೊಟ್ಟೆ.

ವಾರದ ಮೇಲೆ ಮತ್ತೆ ಜೀಪು ಬಂತು. ನೂರಾ ಹನ್ನೆರಡು ಇಲಿಗಳಲ್ಲಿ ರೋಗ ಇದ್ದದ್ದು ಎರಡರಲ್ಲಿ. ಕಿವಿ ಹರಿದದ್ದು ಅವುಗಳಲ್ಲೊಂದು. ಮನೆ ಇಲಿಗೆ ಪ್ಲೇಗು ತಗುಲಿದರೆ ನಾಲ್ಕೈದು ದಿನದಲ್ಲಿ ಉರುಳಿ ಬೀಳುತ್ತದೆ. ಅದನ್ನು ನೋಡಿ ಜನ ಮನೆ ಬಿಟ್ಟು ಬಯಲಿಗೆ ಹೋಗುತ್ತಾರೆ. ಈ ಮರಳಿಲಿ ಹಾಗಲ್ಲ. ಎಷ್ಟೋ ಸಲ ರೋಗವನ್ನು ಒಳಗಿಟ್ಟುಕೊಂಡೂ ರಾಗಿ ತಿಂದುಕೊಂಡು ಓಡಾಡಿಕೊಂಡಿರುತ್ತದೆ. ನನ್ನ ತಲೆದಿಂಬಿನಿಂದ ಒಂದು ಮೊಳ ದೂರದಲ್ಲಿ ಅದು ಇಪ್ಪತ್ತು ದಿನಕ್ಕಿಂತ ಹೆಚ್ಚು ಹಾಗೇ ಇತ್ತು.

ಆಮೇಲೆ ನಡೆದದ್ದನ್ನು ನಾಗರತ್ನಮ್ಮನಿಗೆ ಇನ್ನೂ ತಿಳಿಸಿಲ್ಲ, ನೀನೂ ತಿಳಿಸಬೇಡ. ಹಟ್ಟಿಯಾಚೆಯ ಒಂದು ಹುಲ್ಲಿನ ಕೊಟ್ಟಿಗೆಯಲ್ಲಿ ಹತ್ತು ದಿನ ನನ್ನನ್ನು ಬೇರೆ ಇರಿಸಿದರು. ಮಾತ್ರೆ ಕೊಟ್ಟರು. ಹಟ್ಟಿಯವರಿಗೆಲ್ಲ ಚುಚ್ಚುಮದ್ದು ಹಾಕಿದರು. ಈ ಸಲ ಸೀಸೆಗಳು ಬೇಕಾದಷ್ಟು ಬಂದಿದ್ದವು, ಮಿಕ್ಕವು ಪೆಟ್ಟಿಗೆಯಲ್ಲೇ ವಾಪಸು ಹೋದವು. ಕದರಪ್ಪ ದಿನಾ ಮಧ್ಯಾಹ್ನ ಮುದ್ದೆ ತಂದು ಬಂಡೆಯ ಮೇಲಿಟ್ಟು, ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ಕುಳಿತು, ನಾನು ಉಂಡು ಮುಗಿಸುವವರೆಗೂ ಏನಾದರೂ ಮಾತಾಡುತ್ತಿದ್ದ. ನಾಲ್ಕನೆಯ ದಿನ ಜ್ವರ ಬಂತು. ತೊಡೆಯ ಸಂದಿಯಲ್ಲಿ ಗಂಟು ಎದ್ದಿದೆಯೋ ಎಂದು ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಇಪ್ಪತ್ತು ವರ್ಷ ಬೇರೆಯವರ ಗಂಟು ಮುಟ್ಟಿ ನೋಡಿದ ಕೈಗೆ, ತನ್ನ ಮೈಯಲ್ಲಿ ಗಂಟು ಯಾವುದು ಮಾಂಸ ಯಾವುದು ಎಂದು ತಿಳಿಯಲಿಲ್ಲ.

'ಭಯಪಡಬ್ಯಾಡ ಸಾಮಿ. ನಿನ್ನೋರು ಯಾರ್ನಾದ್ರೂ ಕರೆಸ್ಲಾ?' ಎಂದು ಕದರಪ್ಪ ದೂರದಿಂದಲೇ ಕೇಳಿದ. ಹೆಂಡತಿ ಮಕ್ಕಳ ಹೆಸರು ಹೇಳಬೇಕಾದವನು ನಿನ್ನ ಹೆಸರು ಹೇಳಿದೆ. 'ಸಿರಾದ ಮುಕ್ತಾರ್, ದರ್ಜಿ' ಎಂದೆ. ಹೇಳಿದ ತಕ್ಷಣವೇ, 'ಬೇಡ, ಕರೆಸಬೇಡ' ಎಂದೂ ಹೇಳಿದೆ. ಅವನಿಗೆ ನಾನು ಜ್ವರದಲ್ಲಿ ಬಡಬಡಿಸುತ್ತಿದ್ದೇನೆ ಅನಿಸಿರಬೇಕು.

ಅದು ಮಾಮೂಲಿ ಚಳಿಜ್ವರ. ಎರಡು ದಿನಕ್ಕೆ ಬಿಟ್ಟಿತು. ಹಟ್ಟಿಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಹೊರಡುವ ದಿನ ಕದರಪ್ಪ ಒಂದು ಚೀಲ ಕಡಲೆಕಾಯಿ ಕೊಟ್ಟು, ಬಸ್ಸಿನವರೆಗೂ ನಡೆದು ಬಂದ. ಈಗ ಪಾವಗಡದ ಕೋಣೆಯಲ್ಲಿದ್ದೇನೆ. ಕಾಲಿನಲ್ಲಿ ಬಲ ಇನ್ನೂ ಅಷ್ಟಾಗಿ ಬಂದಿಲ್ಲ, ಅದು ಬಿಟ್ಟರೆ ಗುಂಡುಕಲ್ಲಿನ ಹಾಗಿದ್ದೇನೆ.

ಯಾವುದು ಮೇಲು ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದು ಕಾಲದಲ್ಲಿ ಇಲಿಯೇ ಮೇಲು ಅನ್ನುತ್ತಿದ್ದೆ. ಯಾರ ಹಂಗೂ ಇಲ್ಲ, ನೀರಿನ ಹಂಗೂ ಇಲ್ಲ, ನಾಲ್ಕು ಕಾಳಿನಲ್ಲಿ ಕಾಲ ಹಾಕುತ್ತದೆ. ಹಕ್ಕಿಗೆ ಬಚ್ಚಿಡುವುದೇ ಬರುವುದಿಲ್ಲ. ಮೈ ಸರಿಯಿಲ್ಲದಿದ್ದರೆ ಗರಿ ಕೆದರಿಕೊಂಡು ಕುಳಿತುಬಿಡುತ್ತದೆ, ಬೆಳಿಗ್ಗೆ ಹಾಡು ಕೇಳದಿದ್ದರೆ ಇಡೀ ಕೇರಿಗೆ ಗೊತ್ತಾಗಿಬಿಡುತ್ತದೆ. ಅದು ಅದರ ದೌರ್ಬಲ್ಯ ಎಂದುಕೊಂಡಿದ್ದೆ. ಆ ಕೊಟ್ಟಿಗೆಯಲ್ಲಿ ಮಲಗಿ ಎದ್ದ ಮೇಲೆ ನನಗೆ ಹಾಗೆ ಅನಿಸುತ್ತಿಲ್ಲ.

ಇನ್ನು ಊರಿನ ಸುದ್ದಿ. ನಮ್ಮ ಮಗಳು ಸರ್ವಮಂಗಳಾಳ ಮದುವೆಯ ಮಾತು ನಡೆದಿತ್ತಲ್ಲ, ಈಗ ನಿಶ್ಚಯವಾಗಿದೆ. ಹುಡುಗ ಕೊರಟಗೆರೆಯಲ್ಲಿ ಮೇಷ್ಟ್ರು, ವೃಷಭೇಂದ್ರಪ್ಪ ಅಂತ. ವೈಶಾಖದಲ್ಲಿ, ಮಧುಗಿರಿಯ ನಮ್ಮ ಮನೆಯ ಮುಂದೆಯೇ ಚಪ್ಪರ. ನಾಗರತ್ನಮ್ಮ ಈಗಾಗಲೇ ಹಪ್ಪಳಕ್ಕೆ ಕೈ ಹಾಕಿದ್ದಾಳಂತೆ. ಬಂಡೆಯ ಕಾವಿಗೆ ಮಧುಗಿರಿಯಲ್ಲಿ ಎಲ್ಲವೂ ಬೇಗ ಒಣಗುತ್ತದೆ, ಅದೊಂದು ಅನುಕೂಲ. ಅಫ್ಜಲುನ್ನೀಸಾ ಎಂಟು ದಿನ ಮೊದಲೇ ಬರಬೇಕೆಂದು ನಮ್ಮವಳ ಅಪ್ಪಣೆ.

ನಿಮ್ಮಿಬ್ಬರನ್ನೂ ಆ ಭಗವಂತ ಚೆನ್ನಾಗಿ ಇಟ್ಟಿರಲಿ. ಅವನನ್ನು ನೀನು ಯಾವ ಹೆಸರಿನಿಂದ ಕರೆಯುತ್ತೀಯೋ ಆ ಹೆಸರಿನಿಂದಲೇ ಕೇಳಿಕೊಳ್ಳುತ್ತೇನೆ.

ನಿನ್ನ,
ರೇಣುಕಯ್ಯ

ತಾ.ಕ.: ಲಕೋಟೆಗೆ ಹಾಕಿದ ಕಾಗದವನ್ನು ಮತ್ತೆ ತೆಗೆದಿದ್ದೇನೆ. ನಿನ್ನ ಪತ್ರದ ಕೊನೆಯ ಸಾಲಿಗೆ ನಾನು ಉತ್ತರ ಕೊಟ್ಟಿಲ್ಲ. 'ಸರ್ವಮಂಗಳಾ ಧಾರೆಗೆ ತೊಡೋ ರವಿಕೆ ನಾನೇ ಹೊಲಿಯೋದು. ನನ್ನ ಮಗಳಿಗಂತೂ ಆಗ್ಲಿಲ್ಲ. ಅಳತೆ ಕಳ್ಸು' ಎಂದು ಬರೆದಿದ್ದೀಯ. ಇದನ್ನು ಓದಿದ ಮೇಲೆ ನೀನು ಹೊಲಿಯುತ್ತೀಯೋ ಇಲ್ಲವೋ, ನನಗೆ ಗೊತ್ತಿಲ್ಲ.

ಐವತ್ತೊಂದನೇ ಇಸವಿಯ ಜನವರಿ. ನಿಮ್ಮ ಬೀದಿಯಲ್ಲಿ ಇಲಿ ಬೀಳುತ್ತಿವೆ ಎಂದು ನಾನು ಚುಚ್ಚುಮದ್ದಿನ ಚೀಲ ಹಿಡಿದು ಬಂದಿದ್ದೆ. ನಿನ್ನ ಮನೆಯನ್ನು ಕೊನೆಗೆ ಇಟ್ಟುಕೊಂಡೆ, ಕೆಲಸ ಮುಗಿಸಿ ಚಹಾ ಕುಡಿದು ಹೋಗೋಣವೆಂದು. ಬಾಗಿಲಲ್ಲಿ ನಿಂತು, 'ಮುಗ್ದೋಯ್ತು ಕಣ್ಲಾ ಮುಕ್ತಾರ್, ನಾಳಿದ್ದು ತತ್ತೀನಿ' ಎಂದೆ. ಅಮೀನಾ ತೋಳು ಮಡಿಸಿಕೊಂಡು ತಯಾರಾಗಿ ನಿಂತಿದ್ದಳು. ಸೂಜಿ ತಪ್ಪಿತೆಂದು ಅವಳಿಗೆ ಖುಷಿಯೋ ಖುಷಿ. 'ನಾಳಿದ್ದೂ ಮುಗ್ದೋಗ್ಲಿ ಚಾಚಾ' ಎಂದು ನಕ್ಕಳು.

ಮುಗಿದಿರಲಿಲ್ಲ ಮುಕ್ತಾರ್. ಸೀಸೆಯ ತಳದಲ್ಲಿ ಒಂದು ಮಗುವಿಗೆ ಆಗುವಷ್ಟು ಉಳಿದಿತ್ತು. ಅದನ್ನು ಚೀಲದೊಳಗೆ ಇಟ್ಟುಕೊಂಡು ಸಂಜೆಯ ಬಸ್ಸಿಗೆ ಮಧುಗಿರಿಗೆ ಹೋಗಿ ಸರ್ವಮಂಗಳಾಗೆ ಹಾಕಿದೆ. ಮಧುಗಿರಿಯಲ್ಲಿ ಆ ವರ್ಷ ಒಂದು ಇಲಿಯೂ ಬೀಳಲಿಲ್ಲ. ನಿಮ್ಮ ಬೀದಿಗೆ ಮತ್ತೆ ಔಷಧಿ ಬಂದದ್ದು ಇಪ್ಪತ್ತನೆಯ ದಿನ. ಅಷ್ಟು ಹೊತ್ತಿಗೆ ಅಮೀನಾಳನ್ನು ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ಆ ದಿನ ನಾನು ಗೋಡೆಗೊರಗಿ ಅಳುತ್ತಿದ್ದರೆ ನೀನೇ ಬಂದು ತಬ್ಬಿಕೊಂಡು, 'ನೀನೇನ್ ಮಾಡ್ತೀಯಾ ರೇಣುಕಾ, ಔಷಧಿನೇ ಬರ್ಲಿಲ್ಲ' ಎಂದು ಸಮಾಧಾನ ಮಾಡಿದೆ.

ಹಾಕಿದ್ದರೂ ಅವಳು ಉಳಿಯುತ್ತಿದ್ದಳೆಂದು ಯಾರು ಹೇಳಬಲ್ಲರು ಎಂದು ಏಳು ವರ್ಷದಿಂದ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿನಗೆ ಆ ಮಾತು ಹೇಳುವ ಮುಖ ನನಗಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ. ಒಂದೇ ಕೇಳುತ್ತೇನೆ. ಇದನ್ನು ಅಫ್ಜಲುನ್ನೀಸಾಗೂ ಓದಿ ಹೇಳು. ಅವಳಿಗೆ ನೋವಾಗುತ್ತದೆಂದು ನೀನೊಬ್ಬನೇ ಇಟ್ಟುಕೊಂಡರೆ, ಅವಳ ಎದುರು ದಿನಾ ಕುಳಿತು ಊಟ ಮಾಡುವುದು ಹೇಗಿರುತ್ತದೆ ಎಂಬುದು ನನಗೆ ಗೊತ್ತಿದೆ.